ಒಡೆದ ಜೆಲ್: ಹುಬ್ಬಳ್ಳಿಯ ಸಣ್ಣ ಘಟಕವೊಂದರ ಪ್ರಕರಣ

2020ರ ಏಪ್ರಿಲ್ ತಿಂಗಳ ಎರಡನೆಯ ವಾರ. ಧಾರವಾಡದ ನಮ್ಮ ಕಾಲೇಜಿಗೆ ಬೀಗ ಬಿದ್ದು ಮೂರು ವಾರಗಳಾಗಿದ್ದವು. ಒಂದು ರಾತ್ರಿ ಹುಬ್ಬಳ್ಳಿಯಿಂದ ಪರಿಚಯದವರೊಬ್ಬರು ಕರೆ ಮಾಡಿ, "ಸರ್, ನೂರು ಲೀಟರ್ ಮಾಲು ಹಾಲು ಒಡೆದ ಹಾಗೆ ಒಡೆದುಹೋಗಿದೆ" ಎಂದರು. ಅವರು ಮೊಬೈಲಿನಲ್ಲಿ ಕಳುಹಿಸಿದ ಚಿತ್ರದಲ್ಲಿ ಸ್ಟೀಲ್ ಪಾತ್ರೆಯ ತಳಕ್ಕೆ ಬಿಳಿಯ ಮುದ್ದೆ ಕೂತಿತ್ತು, ಮೇಲೆ ನೀರಿನಂತೆ ತೆಳ್ಳಗಿನ ದ್ರವ ನಿಂತಿತ್ತು. ಅದು ಹ್ಯಾಂಡ್ ಸ್ಯಾನಿಟೈಸರ್ ಜೆಲ್ ಆಗಬೇಕಿತ್ತು.

ಆ ಮುದ್ದೆಯ ಹಿಂದೆ ಹೋದ ಐದು ವಾರಗಳ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಘಟಕದ ಹೆಸರು, ಮಾಲೀಕರ ಗುರುತು, ಸರಕು ಪೂರೈಸಿದವರ ವಿವರ ಯಾವುದನ್ನೂ ಕೊಡುವುದಿಲ್ಲ. ಪ್ರಮಾಣಗಳು, ನಾವು ತೆಗೆದುಕೊಂಡ ನಿರ್ಧಾರಗಳು ಮತ್ತು ನನ್ನ ಎರಡು ತಪ್ಪು ಊಹೆಗಳು ಮಾತ್ರ ನಡೆದಂತೆಯೇ ಇವೆ. ಎಂ.ಎಸ್ಸಿ. ತರಗತಿಯಲ್ಲಿ ವಿದ್ಯುತ್ ಆವೇಶವುಳ್ಳ ಪಾಲಿಮರುಗಳ, ಅಂದರೆ ಉದ್ದನೆಯ ಸರಪಳಿಯಂತಹ ಅಣುಗಳ, ಪಾಠವನ್ನು ನಾನು ಹಲವು ವರ್ಷಗಳಿಂದ ಹೇಳುತ್ತಿದ್ದೇನೆ. ದ್ರಾವಕದ ಗುಣ ಬದಲಾದರೆ ಅವುಗಳ ನಡತೆ ಹೇಗೆ ಬದಲಾಗುತ್ತದೆ ಎಂಬುದು ಆ ಪಾಠದ ಒಂದು ಭಾಗ. ಆ ಭಾಗವನ್ನು ನಾನೇ ಸರಿಯಾಗಿ ಕಲಿತದ್ದು ಈ ಪ್ರಕರಣದಲ್ಲಿ.

ಹಿನ್ನೆಲೆ

ಘಟಕ ಹುಬ್ಬಳ್ಳಿಯ ಹೊರವಲಯದಲ್ಲಿದೆ. ಫಿನೈಲ್, ಪಾತ್ರೆ ತೊಳೆಯುವ ದ್ರವ, ಕೈ ತೊಳೆಯುವ ದ್ರವ ಇವೇ ಅದರ ಹಳೆಯ ಸರಕುಗಳು. ಕೆಲಸಗಾರರು ಆರೇಳು ಮಂದಿ. ಮಾರ್ಚ್ 13ರಂದು ಕೇಂದ್ರ ಸರ್ಕಾರ ಮಾಸ್ಕ್ ಮತ್ತು ಸ್ಯಾನಿಟೈಸರ್ ಎರಡನ್ನೂ ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿತು. ಮಾರ್ಚ್ 21ರಂದು 200 ಮಿಲಿಲೀಟರ್ ಬಾಟಲಿಗೆ 100 ರೂಪಾಯಿಯ ಮಿತಿ ಹಾಕಿತು. 25ರಿಂದ ಲಾಕ್‌ಡೌನ್ ಶುರುವಾಯಿತು. ಮಾಲೀಕರು ಅನುಮತಿ ಪಡೆದು, ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿಯಿಂದ ಎಥನಾಲ್ (ಆಲ್ಕೋಹಾಲ್) ತರಿಸಿಕೊಂಡು ಜೆಲ್ ತಯಾರಿಸಲು ತೊಡಗಿದರು. ಊರಿನ ಆಸ್ಪತ್ರೆಗಳು, ಔಷಧದ ಅಂಗಡಿಗಳು, ಬ್ಯಾಂಕುಗಳು ಆಗ ಸ್ಯಾನಿಟೈಸರಿಗಾಗಿ ಹುಡುಕಾಡುತ್ತಿದ್ದವು.

ಅವರ ಬಳಿ ಇದ್ದ ಸೂತ್ರ ಸರಳವಾಗಿತ್ತು. ನೂರು ಲೀಟರಿಗೆ 400 ಗ್ರಾಂ ಕಾರ್ಬೊಮರ್, ಗಾತ್ರದಲ್ಲಿ ನೂರಕ್ಕೆ 70 ಭಾಗ ಎಥನಾಲ್, ಉಳಿದದ್ದು ನೀರು, ಸ್ವಲ್ಪ ಗ್ಲಿಸರಿನ್, ಕೊನೆಗೆ ಅಮೀನ್ ಜಾತಿಯ ಪ್ರತ್ಯಾಮ್ಲವಾದ ಟ್ರೈಇಥನಾಲಮೀನ್ 600 ಗ್ರಾಂ. ಕಾರ್ಬೊಮರ್ ಎಂದರೆ ಪಾಲಿಅಕ್ರಿಲಿಕ್ ಆಮ್ಲದ ಸರಪಳಿಗಳನ್ನು ಅಲ್ಲಲ್ಲಿ ಅಡ್ಡಕೊಂಡಿ ಹಾಕಿ ಹೆಣೆದ ಸೂಕ್ಷ್ಮ ಬಲೆಗಳ ಪುಡಿ. ನೀರಿನಲ್ಲಿ ಬರೀ ಪುಡಿಯನ್ನು ಕದಡಿದರೆ ಮಂಜು ಮಂಜಾದ ತೆಳು ದ್ರವ ಸಿಗುತ್ತದೆ. ಅದರ ಪಿಎಚ್ 3ರ ಆಸುಪಾಸಿನಲ್ಲಿರುತ್ತದೆ. ಪ್ರತ್ಯಾಮ್ಲ ಬಿದ್ದಾಗ ಆಮ್ಲದ ಗುಂಪುಗಳು ಪ್ರೋಟಾನು ಕಳೆದುಕೊಂಡು ಋಣಾವೇಶ ಪಡೆಯುತ್ತವೆ, ಅವುಗಳ ಧನಾವೇಶದ ಸಂಗಾತಿ ಅಯಾನುಗಳು ಬಲೆಯೊಳಗೆ ಸೇರುತ್ತವೆ. ಬಲೆ ಆವೇಶರಹಿತವಾಗಿ ಉಳಿಯಬೇಕಾದ್ದರಿಂದ ಆ ಸಂಗಾತಿಗಳು ಅದನ್ನು ಬಿಟ್ಟು ದೂರ ಹೋಗುವಂತಿಲ್ಲ. ಆದರೆ ಒಳಗೆ ಸ್ವತಂತ್ರವಾಗಿ ಓಡಾಡುತ್ತವೆ, ಹೊರಗಿನ ದ್ರಾವಕವನ್ನು ಎಳೆದುಕೊಳ್ಳುತ್ತವೆ. ಕಣ ಉಬ್ಬುತ್ತದೆ, ಪಕ್ಕದ ಕಣಕ್ಕೆ ಒತ್ತಿಕೊಳ್ಳುತ್ತದೆ, ತೆಳು ದ್ರವ ನೋಡುನೋಡುತ್ತಿದ್ದಂತೆ ಪಾರದರ್ಶಕ ಜೆಲ್ ಆಗುತ್ತದೆ. ಜೆಲ್ಲಿನ ದಪ್ಪಕ್ಕೆ ಮೂಲ ಕಾರಣ ಈ ಸಂಗಾತಿ ಅಯಾನುಗಳ ಓಡಾಟದ ಒತ್ತಡವೇ. ಮುಂದೆ ಬರುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಸಮಸ್ಯೆ

ಏಪ್ರಿಲ್ ಹೊತ್ತಿಗೆ ಟ್ರೈಇಥನಾಲಮೀನ್ ಎಲ್ಲಿಯೂ ಸಿಗದಾಯಿತು. ಕೈ ತೊಳೆಯುವ ದ್ರವಕ್ಕೆ ಬಳಸುತ್ತಿದ್ದ ಕಾಸ್ಟಿಕ್ ಸೋಡಾ ಗೋದಾಮಿನಲ್ಲಿತ್ತು. ಪ್ರತ್ಯಾಮ್ಲ ಯಾವುದಾದರೇನು, ಕೆಲಸ ಆಮ್ಲವನ್ನು ತಟಸ್ಥಗೊಳಿಸುವುದು ತಾನೇ ಎಂದು ಮಾಲೀಕರು ಯೋಚಿಸಿದರು. ಈ ಯೋಚನೆಯನ್ನು ನಾನು ತಪ್ಪೆನ್ನಲಾರೆ. ಪರೀಕ್ಷೆಯಲ್ಲಿ ಹೀಗೆ ಬರೆದ ವಿದ್ಯಾರ್ಥಿಗೆ ನಾನೇ ಅಂಕ ಕೊಟ್ಟಿದ್ದೇನೆ. ಅವರು 600 ಗ್ರಾಂ ಅಮೀನಿನ ಜಾಗದಲ್ಲಿ 600 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ ಸುರಿದರು. ಜೆಲ್ ಕಟ್ಟುವ ಬದಲು ಶಾವಿಗೆಯಂತಹ ಬಿಳಿ ಎಳೆಗಳು ಎದ್ದು, ಒಂದಕ್ಕೊಂದು ಸುತ್ತಿಕೊಂಡು, ಹತ್ತು ನಿಮಿಷಗಳಲ್ಲಿ ತಳ ಸೇರಿದವು.

ಕಾಸ್ಟಿಕ್ ಹಾಕುವ ಮೊದಲು ಪುಡಿ, ನೀರು, ಎಥನಾಲ್ ಮೂರೂ ಚೆನ್ನಾಗಿಯೇ ಬೆರೆತಿದ್ದವು. ಆದ್ದರಿಂದ ಕಾಸ್ಟಿಕ್ ಕಲಬೆರಕೆಯದು ಎಂದು ಅವರು ಸಂಶಯಪಟ್ಟರು.

ಮೊದಲ ಊಹೆ: ಅತಿಯಾದ ಪ್ರತ್ಯಾಮ್ಲ

ನಾನು ಅದೇ ರಾತ್ರಿ ಲೆಕ್ಕ ಹಾಕಿದೆ. ಮೋಲ್ ಎಂದರೆ ಅಣುಗಳನ್ನು ಎಣಿಸುವ ಅಳತೆ, ಗ್ರಾಂ ತೂಕವನ್ನು ಅಣುತೂಕದಿಂದ ಭಾಗಿಸಿದರೆ ಸಿಗುತ್ತದೆ. 400 ಗ್ರಾಂ ಕಾರ್ಬೊಮರಿನಲ್ಲಿ ಸುಮಾರು 5.3 ಮೋಲ್ ಆಮ್ಲದ ಗುಂಪುಗಳಿರುತ್ತವೆ. ಟ್ರೈಇಥನಾಲಮೀನಿನ ಅಣುತೂಕ 149. ಅದರ 600 ಗ್ರಾಂ ಎಂದರೆ 4 ಮೋಲ್, ಅಂದರೆ ಗುಂಪುಗಳ ಮುಕ್ಕಾಲು ಭಾಗ ತಟಸ್ಥವಾಗುತ್ತದೆ. ಜೆಲ್ ಅತ್ಯಂತ ದಪ್ಪವಾಗಿರುವುದು ಆ ಸುತ್ತಮುತ್ತಲೇ. ಕಾಸ್ಟಿಕ್ ಸೋಡಾದ ಅಣುತೂಕ ಬರೀ 40, ಅದರ 600 ಗ್ರಾಂ ಎಂದರೆ 15 ಮೋಲ್. ಬೇಕಾದ್ದಕ್ಕಿಂತ ನಾಲ್ಕುಪಟ್ಟು ಹತ್ತಿರ. ತೂಕಕ್ಕೆ ತೂಕ ಬದಲಿಸಿದ್ದರು, ಮೋಲಿಗೆ ಮೋಲ್ ಬದಲಿಸಬೇಕಿತ್ತು.

ಆಮ್ಲವೆಲ್ಲ ತಟಸ್ಥವಾದ ಮೇಲೂ ನೂರು ಲೀಟರಿನಲ್ಲಿ ಸುಮಾರು 10 ಮೋಲ್ ಕಾಸ್ಟಿಕ್ ಉಳಿಯುತ್ತದೆ, ಅಂದರೆ ಲೀಟರಿಗೆ 0.1 ಮೋಲ್. ಅಷ್ಟು ಲವಣವಿರುವಲ್ಲಿ ಒಂದು ಆವೇಶದ ಪ್ರಭಾವ ಒಂದು ನ್ಯಾನೊಮೀಟರ್ ದಾಟುವುದಿಲ್ಲ. ಹೊರಗೂ ಒಳಗೂ ಅಯಾನುಗಳು ತುಂಬಿದಾಗ ಬಲೆಯನ್ನು ಉಬ್ಬಿಸುವ ಒತ್ತಡದ ವ್ಯತ್ಯಾಸವೂ ಕುಸಿಯುತ್ತದೆ. ಸಿಕ್ಕಿತು ಕಾರಣ ಎಂದುಕೊಂಡೆ. ಆ ಮಾಲು ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಯಾರೂ ಮುಟ್ಟಬೇಡಿ, ತಟಸ್ಥಗೊಳಿಸಿ ವಿಲೇವಾರಿ ಮಾಡಿ ಎಂದು ಬೆಳಿಗ್ಗೆಯೇ ಹೇಳಿ, 160 ಗ್ರಾಂ ಕಾಸ್ಟಿಕ್‌ನ ಲೆಕ್ಕ ಕೊಟ್ಟೆ. ಸಣ್ಣ ಪ್ರಮಾಣದಲ್ಲಿ, ಎರಡು ಲೀಟರಿನಲ್ಲಿ ಮಾತ್ರ ಮಾಡಿ ನೋಡಲು ಸೂಚಿಸಿದೆ.

ಎರಡು ಲೀಟರೂ ಒಡೆಯಿತು. ಪಿಎಚ್ ಕಾಗದ 7ರ ಹತ್ತಿರದ ಬಣ್ಣ ತೋರಿಸುತ್ತಿತ್ತು. ನನ್ನ ಲೆಕ್ಕ ಸರಿಯಾಗಿತ್ತು, ಕಾರಣ ಮಾತ್ರ ಅದಾಗಿರಲಿಲ್ಲ.

ಎರಡನೆಯ ಊಹೆ: ಬೋರ್ ನೀರು

ನೀರು ಯಾವುದು ಎಂದು ಕೇಳಿದೆ. ಬೋರ್ ನೀರು. ಹುಬ್ಬಳ್ಳಿ-ಧಾರವಾಡದಲ್ಲಿ ಮಲಪ್ರಭೆಯ ನಲ್ಲಿ ನೀರು ಬರುವ ದಿನಕ್ಕಾಗಿ ಕಾಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕಾರ್ಖಾನೆಗಳು ಬೋರ್ ನೀರಿನ ಮೇಲೆಯೇ ನಡೆಯುತ್ತವೆ. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಅದರ ಹಿಂದಿರುವುದೂ ಒಂದು ಆವೇಶವುಳ್ಳ ಪಾಲಿಮರಿನ ಕಥೆಯೇ. ಬೇಳೆಯ ಜೀವಕೋಶಗಳನ್ನು ಅಂಟಿಸಿಕೊಂಡಿರುವ ಪೆಕ್ಟಿನ್ ಋಣಾವೇಶದ ಸರಪಳಿ, ಗಡಸು ನೀರಿನ ಕ್ಯಾಲ್ಸಿಯಂ ಅದರ ಎರಡು ಎಳೆಗಳನ್ನು ಸೇರಿಸಿ ಹೊಲಿಯುತ್ತದೆ, ಬೇಳೆ ಮೆತ್ತಗಾಗುವುದಿಲ್ಲ. ಪಾಲಿಅಕ್ರಿಲೇಟಿನ ಮೇಲೂ ಕ್ಯಾಲ್ಸಿಯಂ ಇದೇ ಕೆಲಸ ಮಾಡುತ್ತದೆ. ಎರಡು ಆವೇಶದ ಒಂದು ಅಯಾನು ಎರಡು ಕಾರ್ಬಾಕ್ಸಿಲೇಟುಗಳನ್ನು (ಪ್ರೋಟಾನು ಕಳೆದುಕೊಂಡ ಆಮ್ಲದ ಗುಂಪುಗಳನ್ನು) ಹಿಡಿದು ಬಲೆಯನ್ನು ಒಳಕ್ಕೆ ಎಳೆಯುತ್ತದೆ.

ಈ ಊಹೆ ನನಗೆ ಎಷ್ಟು ಹಿಡಿಸಿತೆಂದರೆ ಪರೀಕ್ಷಿಸುವ ಮೊದಲೇ ಮಾಲೀಕರಿಗೆ ಕಾರಣ ಸಿಕ್ಕಿತು ಎಂದುಬಿಟ್ಟೆ. ಅವರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಕ್ಯಾನುಗಳನ್ನು ಹುಡುಕಿ ತಂದರು. ಮತ್ತೆ ಎರಡು ಲೀಟರ್ ಮಾಡಿದರು. ಮುದ್ದೆ ಈ ಸಲ ಸ್ವಲ್ಪ ಮೃದುವಾಗಿತ್ತು, ಎಳೆಗಳು ಅಷ್ಟು ಒರಟಾಗಿರಲಿಲ್ಲ, ಆದರೆ ಒಡೆದದ್ದು ಒಡೆದೇ ಇತ್ತು. ಆ ದಿನ ಅವರ ದನಿಯಲ್ಲಿ ಮೊದಲ ಬಾರಿಗೆ ಬೇಸರ ಕೇಳಿಸಿತು. ಎಥನಾಲ್ ಬಂದು ಹತ್ತು ದಿನಗಳಾಗಿದ್ದವು, ಒಂದು ಬಾಟಲಿಯೂ ಹೊರಗೆ ಹೋಗಿರಲಿಲ್ಲ.

ತೊಳೆಯಲು ಇಟ್ಟ ಮುದ್ದೆ

ತಿರುವು ಬಂದದ್ದು ನನ್ನಿಂದಲ್ಲ. ಮಾಲೀಕರ ಮನೆಯಲ್ಲಿ ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳಿದ್ದಳು. ಕಾಲೇಜು ಮುಚ್ಚಿದ್ದರಿಂದ ಘಟಕದಲ್ಲಿ ತೂಕ ಹಾಕಿ ಪುಸ್ತಕದಲ್ಲಿ ಬರೆದಿಡುವ ಕೆಲಸ ಅವಳದಾಗಿತ್ತು. ಡಿಸ್ಟಿಲ್ಡ್ ನೀರಿನ ಪ್ರಯೋಗದಲ್ಲಿ ಒಡೆದ ಮುದ್ದೆಯನ್ನು ಪಾತ್ರೆಯಿಂದ ಬಿಡಿಸಲು ಅವಳು ಅದನ್ನು ಒಂದು ಬೋಗುಣಿಗೆ ಹಾಕಿ, ಉಳಿದ ಡಿಸ್ಟಿಲ್ಡ್ ನೀರನ್ನೇ ಸುರಿದು, ರಾತ್ರಿ ಹಾಗೆಯೇ ಬಿಟ್ಟಿದ್ದಳು. ಬೆಳಿಗ್ಗೆ ಬೋಗುಣಿಯ ತುಂಬ ಗಾಜಿನಂತೆ ತಿಳಿಯಾದ ಜೆಲ್ ತುಂಬಿಕೊಂಡಿತ್ತು. ಚಮಚ ನೆಟ್ಟರೆ ನಿಲ್ಲುತ್ತಿತ್ತು.

ಅವಳು ಇನ್ನೊಂದು ಕೆಲಸವನ್ನೂ ಮಾಡಿದ್ದಳು, ಅದಕ್ಕಾಗಿ ಅವಳನ್ನು ಎಷ್ಟು ಹೊಗಳಿದರೂ ಸಾಲದು. ಬೋರ್ ನೀರಿನಲ್ಲಿ ಮಾಡಿದ ಹಿಂದಿನ ಮುದ್ದೆಯ ಒಂದು ತುಂಡನ್ನು ಪಕ್ಕದ ಲೋಟದಲ್ಲಿ ಬೋರ್ ನೀರಿಗೇ ಹಾಕಿಟ್ಟಿದ್ದಳು. ಅದು ಅಂಚಿನಲ್ಲಿ ಸ್ವಲ್ಪ ಉಬ್ಬಿ, ನಡುವೆ ಬೆಳ್ಳಗೆ ಗಟ್ಟಿಯಾಗಿಯೇ ಉಳಿದಿತ್ತು. ಬೋಗುಣಿ ಮತ್ತು ಲೋಟದ ಚಿತ್ರ ಒಟ್ಟಿಗೆ ಬಂದಾಗ ನಾನು ಬಹಳ ಹೊತ್ತು ನೋಡುತ್ತ ಕೂತೆ. ಹೊರಗೆ ಒಂದೇ ತರಹ ಕಾಣುವ ಎರಡು ಮುದ್ದೆಗಳು ಬೇರೆ ಬೇರೆ ಕಾರಣಕ್ಕೆ ಕುಗ್ಗಿದ್ದವು. ಕ್ಯಾಲ್ಸಿಯಂ ಹೊಲಿದದ್ದು ಸುಲಭಕ್ಕೆ ಬಿಚ್ಚುವುದಿಲ್ಲ. ಡಿಸ್ಟಿಲ್ಡ್ ನೀರಿನ ಮುದ್ದೆಗೆ ಯಾವ ಹೊಲಿಗೆಯೂ ಇರಲಿಲ್ಲ. ಎಥನಾಲ್ ಹೋಗಿ ನೀರು ಬಂದ ಕೂಡಲೇ ಅದು ಪೂರ್ತಿ ತೆರೆದುಕೊಂಡಿತು. ಪಾಲಿಮರ್ ಹಾಳಾಗಿರಲಿಲ್ಲ, ಕಾಸ್ಟಿಕ್ ಕಲಬೆರಕೆಯಾಗಿರಲಿಲ್ಲ. ಸರಪಳಿಗೆ ಆ ದ್ರಾವಕ ಒಗ್ಗಿರಲಿಲ್ಲ, ಅಷ್ಟೇ.

ಮಾರನೆಯ ದಿನ ಒಂಬತ್ತು ಗಾಜಿನ ಭರಣಿಗಳನ್ನು ಸಾಲಾಗಿ ಇಡಿಸಿದೆ. ಎಲ್ಲದರಲ್ಲೂ ಅದೇ ಕಾರ್ಬೊಮರ್, ಅದೇ ಕಾಸ್ಟಿಕ್, ಡಿಸ್ಟಿಲ್ಡ್ ನೀರು, ಎಥನಾಲ್ ಮಾತ್ರ 0, 10, 20 ಹೀಗೆ 80ರವರೆಗೆ. ಸುತ್ತ ಎಲ್ಲಿಯೂ ಬೆಂಕಿ ಇಲ್ಲದಂತೆ ನೋಡಿಕೊಂಡು, ಕಿಟಕಿ ತೆರೆದಿಟ್ಟು ಮಾಡಲು ಹೇಳಿದೆ. 20ರವರೆಗೆ ಜೆಲ್ ತಿಳಿಯಾಗಿ ದಪ್ಪವಾಗಿತ್ತು. 30ರಲ್ಲಿ ಮಂಜು ಕವಿದು ತೆಳುವಾಗಿತ್ತು. 40ರಲ್ಲಿ ಎಳೆಗಳು ಕಂಡವು. 50ರಿಂದ ಮುಂದೆ ಎಲ್ಲವೂ ತಳ ಸೇರಿದ್ದವು. ಇನ್ನೂ ಒಂದು ಪರೀಕ್ಷೆ ಕೇಳಿದೆ: ಮೊದಲ ಭರಣಿಯ ತಿಳಿ ಜೆಲ್ಲಿಗೆ ಸ್ವಲ್ಪ ಸ್ವಲ್ಪವೇ ಎಥನಾಲ್ ಬೆರೆಸುವುದು. ಅದೂ ಹಾಗೆಯೇ ಒಡೆಯಿತು. ಕಾಸ್ಟಿಕ್ ಮೊದಲೋ ಎಥನಾಲ್ ಮೊದಲೋ ಎಂಬ ಕ್ರಮಕ್ಕೆ ಇಲ್ಲಿ ಕೆಲಸವಿಲ್ಲ ಎಂಬುದು ಖಾತ್ರಿಯಾಯಿತು.

ಒಗ್ಗದಿರುವುದು ಎಂದರೆ ಏನು

ನಾನು ತರಗತಿಯಲ್ಲಿ ಹೇಳಿಕೊಂಡು ಬಂದಿದ್ದ ಪಾಠ ಹೀಗಿತ್ತು. ಒಳ್ಳೆಯ ದ್ರಾವಕದಲ್ಲಿ ಸರಪಳಿಯ ತುಣುಕುಗಳು ತಮ್ಮ ತಮ್ಮ ಸಹವಾಸಕ್ಕಿಂತ ದ್ರಾವಕದ ಸಹವಾಸವನ್ನು ಬಯಸುತ್ತವೆ, ಸರಪಳಿ ಬಿಚ್ಚಿಕೊಳ್ಳುತ್ತದೆ. ಕೆಟ್ಟ ದ್ರಾವಕದಲ್ಲಿ ತಮ್ಮೊಳಗೇ ಸೇರಿ ಉಂಡೆಯಾಗುತ್ತವೆ. ಎರಡರ ನಡುವೆ ಥೀಟಾ ಎಂಬ ಸಮತೋಲದ ಬಿಂದು ಇದೆ. ಪಾಲಿಮರ್ ವಿಜ್ಞಾನಿ ಫ್ಲೋರಿ ಕಟ್ಟಿಕೊಟ್ಟ ಈ ಚಿತ್ರ ಆವೇಶವಿಲ್ಲದ ಸರಪಳಿಗೆ ಅದ್ಭುತವಾಗಿ ಹೊಂದುತ್ತದೆ. ಸರಪಳಿಗೆ ಆವೇಶ ಬಂದರೆ ವಿಕರ್ಷಣೆ ಸೇರಿಕೊಂಡು ಅದು ಇನ್ನಷ್ಟು ಚಾಚಿಕೊಳ್ಳುತ್ತದೆ ಎನ್ನುತ್ತಿದ್ದೆ. ಕೆಟ್ಟ ದ್ರಾವಕವಾದರೆ ಎರಡೂ ಬಲಗಳ ಜಗಳದಲ್ಲಿ ಸರಪಳಿ ಮುತ್ತಿನ ಹಾರದಂತಾಗುತ್ತದೆ, ಸಣ್ಣ ಸಣ್ಣ ಉಂಡೆಗಳು, ನಡುವೆ ಚಾಚಿದ ಎಳೆಗಳು. 1882ರಲ್ಲಿ ಭೌತವಿಜ್ಞಾನಿ ರೇಲೀ ಆವೇಶ ಹೆಚ್ಚಾದ ಹನಿ ಒಡೆದು ಚಿಕ್ಕ ಹನಿಗಳಾಗುತ್ತದೆ ಎಂದು ತೋರಿಸಿದ್ದನಲ್ಲ, ಅದೇ ತರ್ಕವನ್ನು ಬಿಡಿಸಲಾಗದ ಸರಪಳಿಗೆ ಹಚ್ಚಿ 1996ರಲ್ಲಿ ಡೊಬ್ರಿನಿನ್, ರುಬಿನ್‌ಸ್ಟೈನ್ ಮತ್ತು ಒಬುಖೋವ್ ಈ ಹಾರದ ಸಿದ್ಧಾಂತವನ್ನು ಕೊಟ್ಟರು. ಬಹಳ ಚೆಲುವಾದ ಸಿದ್ಧಾಂತ, ಇಂದಿಗೂ ಪ್ರೀತಿಯಿಂದ ಹೇಳುತ್ತೇನೆ.

ಆದರೆ ಭರಣಿಗಳ ಸಾಲು ಆ ಪಾಠಕ್ಕೆ ಎದುರಾಗಿ ನಿಂತಿತ್ತು. ಆವೇಶವಿಲ್ಲದ ಪಾಲಿಅಕ್ರಿಲಿಕ್ ಆಮ್ಲ ಎಥನಾಲಿನಲ್ಲಿ ಚೆನ್ನಾಗಿಯೇ ಕರಗುತ್ತದೆ. ಕಾಸ್ಟಿಕ್ ಹಾಕುವ ಮೊದಲು ಎಲ್ಲವೂ ಬೆರೆತಿದ್ದದ್ದು ಅದಕ್ಕೇ. ಸರಪಳಿಗೆ ಆ ದ್ರಾವಕ ಕೆಟ್ಟದ್ದಲ್ಲ. ಆವೇಶ ಬಂದಮೇಲೆ ಕೆಟ್ಟದ್ದಾಯಿತು! ನನ್ನ ಪಾಠದ ಪ್ರಕಾರ ಆವೇಶ ಉಬ್ಬಿಸಬೇಕಿತ್ತು, ಇಲ್ಲಿ ಅದೇ ಕುಗ್ಗಿಸಿತ್ತು.

ನಾನು ಮರೆತಿದ್ದದ್ದು ಸಂಗಾತಿ ಅಯಾನುಗಳನ್ನು. ಆವೇಶಗಳ ನಡುವಿನ ಸೆಳೆತವನ್ನು ದ್ರಾವಕ ಎಷ್ಟು ತಗ್ಗಿಸುತ್ತದೆ ಎಂಬುದರ ಅಳತೆ ಡೈಎಲೆಕ್ಟ್ರಿಕ್ ಸ್ಥಿರಾಂಕ. ನೀರಿನದು 25 ಡಿಗ್ರಿಯಲ್ಲಿ ಸುಮಾರು 78, ಎಥನಾಲಿನದು 24. ಗಾತ್ರದಲ್ಲಿ 70 ಭಾಗ ಎಥನಾಲ್ ಇರುವ ಮಿಶ್ರಣದ್ದು 42ರ ಸುತ್ತಮುತ್ತ. ಎರಡು ಆವೇಶಗಳ ಸೆಳೆತ ಉಷ್ಣದ ಕುಲುಕಾಟಕ್ಕೆ ಸಮವಾಗುವ ದೂರವನ್ನು ಬಿಯೆರಮ್ ಉದ್ದ ಎನ್ನುತ್ತೇವೆ. ನೀರಿನಲ್ಲಿ ಅದು 0.7 ನ್ಯಾನೊಮೀಟರ್, ಈ ಮಿಶ್ರಣದಲ್ಲಿ ಸುಮಾರು 1.3. ಆವೇಶಗಳು ಬಿಯೆರಮ್ ಉದ್ದಕ್ಕಿಂತ ಒತ್ತಾಗಿ ಕೂತ ಸರಪಳಿಯ ಮೇಲೆ ಸಂಗಾತಿ ಅಯಾನುಗಳು ತಾವಾಗಿ ಬಂದು ಅಂಟಿಕೊಳ್ಳುತ್ತವೆ, ಸ್ವತಂತ್ರವಾಗಿ ಉಳಿಯುವುದು ಒಂದು ಬಿಯೆರಮ್ ಉದ್ದಕ್ಕೆ ಒಂದು ಆವೇಶದ ಲೆಕ್ಕದಲ್ಲಿ ಮಾತ್ರ ಎಂದು 1969ರಲ್ಲಿ ಮ್ಯಾನಿಂಗ್ ತೋರಿಸಿದರು. ಪಾಲಿಅಕ್ರಿಲೇಟಿನಲ್ಲಿ ಪ್ರತಿ 0.25 ನ್ಯಾನೊಮೀಟರಿಗೆ ಒಂದು ಗುಂಪಿದೆ, ಅದರ ಮುಕ್ಕಾಲು ಭಾಗ ತಟಸ್ಥವಾದರೂ ಆವೇಶಗಳು ಬಹಳ ಒತ್ತಾಗಿಯೇ ಇರುತ್ತವೆ. ಆದ್ದರಿಂದ ನೀರಿನಿಂದ ಈ ಮಿಶ್ರಣಕ್ಕೆ ಬಂದಾಗ ಓಡಾಡುವ ಸಂಗಾತಿಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬಲೆಯನ್ನು ಉಬ್ಬಿಸುತ್ತಿದ್ದವರೇ ಕೈಕಟ್ಟಿ ಕೂತಂತೆ.

ಅರ್ಧಕ್ಕಿಳಿದರೆ ಜೆಲ್ ಸ್ವಲ್ಪ ತೆಳುವಾಗಬೇಕಿತ್ತು, ಹೀಗೆ ಒಡೆಯಬೇಕಾಗಿರಲಿಲ್ಲ ಎಂಬ ಪ್ರಶ್ನೆ ಬರುತ್ತದೆ, ಬರಬೇಕು. ಅಂಟಿಕೊಂಡ ಸೋಡಿಯಂ ಮತ್ತು ಕಾರ್ಬಾಕ್ಸಿಲೇಟಿನ ಜೋಡಿ ಸುಮ್ಮನೆ ಕೂರುವುದಿಲ್ಲ. ಅದು ಒಂದು ಪುಟ್ಟ ದ್ವಿಧ್ರುವ, ಒಂದು ತುದಿ ಧನ, ಇನ್ನೊಂದು ಋಣ. ಎಥನಾಲ್ ಹೆಚ್ಚಿರುವ ಪರಿಸರದಲ್ಲಿ ಅಂತಹ ಜೋಡಿಗಳು ಒಂದನ್ನೊಂದು ಸೆಳೆದು ಗುಂಪು ಕಟ್ಟುತ್ತವೆ, ಸರಪಳಿಗಳ ನಡುವೆ ಹೊಸ ಕೊಂಡಿಗಳಾಗುತ್ತವೆ. ಬಲೆ ಕುಗ್ಗಿದಷ್ಟೂ ಅದರ ಒಳಗಿನಿಂದ ದ್ರಾವಕ ಹೊರಹೋಗುತ್ತದೆ, ಒಳಗಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಇನ್ನೂ ಇಳಿಯುತ್ತದೆ, ಇನ್ನಷ್ಟು ಅಯಾನುಗಳು ಜೋಡಿಯಾಗುತ್ತವೆ. ಒಂದು ಇನ್ನೊಂದನ್ನು ತಳ್ಳಿಕೊಂಡು ಹೋಗುವ ಕುಸಿತ ಇದು. 30ರ ಭರಣಿಗೂ 50ರ ಭರಣಿಗೂ ನಡುವೆ ಅಷ್ಟು ಬೇಗ ಎಲ್ಲ ಬದಲಾದದ್ದು ಹೀಗೆ.

ಇಲ್ಲಿ ತನಾಕಾ ಅವರ ಕಥೆಯನ್ನು ನೆನೆಯದೆ ಮುಂದೆ ಹೋಗಲಾರೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ತೊಯೊಯಿಚಿ ತನಾಕಾ ಪಾಲಿಅಕ್ರಿಲಮೈಡ್ ಜೆಲ್ಲುಗಳನ್ನು ಅಸಿಟೋನ್ ಮತ್ತು ನೀರಿನ ಮಿಶ್ರಣಗಳಲ್ಲಿ ಇಡುತ್ತಿದ್ದರು. ಹೊಸದಾಗಿ ಮಾಡಿದ ಜೆಲ್ ಅಸಿಟೋನ್ ಹೆಚ್ಚಿದಂತೆ ನಿಧಾನವಾಗಿ ಕುಗ್ಗುತ್ತಿತ್ತು. ಬಹಳ ದಿನ ಇಟ್ಟ ಹಳೆಯ ಜೆಲ್ ಮಾತ್ರ ಒಂದು ಹಂತದಲ್ಲಿ ಥಟ್ಟನೆ ಕುಸಿದುಬಿಡುತ್ತಿತ್ತು. ಇಟ್ಟ ದಿನಗಳಲ್ಲಿ ಕೆಲವು ಅಮೈಡ್ ಗುಂಪುಗಳು ನೀರಿನೊಂದಿಗೆ ವರ್ತಿಸಿ ಆಮ್ಲದ ಗುಂಪುಗಳಾಗಿ ಆವೇಶ ಪಡೆದಿದ್ದವು ಎಂಬುದು ಆಮೇಲೆ ತಿಳಿಯಿತು. ಹಳೆಯ ಸ್ಯಾಂಪಲ್ ಕೆಟ್ಟಿದೆ ಎಂದು ಅವರು ಎಸೆದಿದ್ದರೆ ಜೆಲ್ಲುಗಳ ಹಂತ ಬದಲಾವಣೆಯ ಅಧ್ಯಾಯ ಎಷ್ಟು ತಡವಾಗುತ್ತಿತ್ತೋ. ಹುಬ್ಬಳ್ಳಿಯ ಬೋಗುಣಿಯನ್ನು ನೋಡಿದಾಗ ನನಗೆ ನೆನಪಾದದ್ದು ಅದೇ.

ಐವತ್ತು ಭಾಗದ ಜೆಲ್

ಕಾರಣ ತಿಳಿಯಿತು. ಏನು ಮಾಡುವುದು ಎಂಬುದು ಬೇರೆಯೇ ಪ್ರಶ್ನೆಯಾಗಿತ್ತು. ಗಿರಾಕಿಗಳಿಗೆ ಜೆಲ್ಲೇ ಬೇಕಿತ್ತು, ದಪ್ಪವಿದ್ದಷ್ಟೂ ಔಷಧ ಗಟ್ಟಿ ಎಂಬ ನಂಬಿಕೆ ಅಂಗಡಿಯವರಲ್ಲೂ ಇತ್ತು. ಸಗಟು ವ್ಯಾಪಾರಿಯೊಬ್ಬರು ಎಥನಾಲನ್ನೇ ಕಡಿಮೆ ಮಾಡಿ, ಜೆಲ್ ತಾನಾಗಿ ನಿಲ್ಲುತ್ತದೆ ಎಂದು ಒತ್ತಾಯಿಸಿದರು. ಇಪ್ಪತ್ತು ಭಾಗದ ಭರಣಿ ಅಷ್ಟು ಸುಂದರವಾಗಿತ್ತು, ಕಣ್ಣಿಗೆ ಯಾರೂ ವ್ಯತ್ಯಾಸ ಹೇಳಲಾರರು. ಐವತ್ತು ಭಾಗಕ್ಕೂ ಬೇರೆ ದಾರಿ ಹುಡುಕಬಹುದಿತ್ತು. ಎಥನಾಲ್ 60 ಭಾಗಕ್ಕಿಂತ ಕಡಿಮೆಯಿದ್ದರೆ ವೈರಸ್ಸನ್ನು ಕೊಲ್ಲುವ ಭರವಸೆ ಇಲ್ಲ. ಅಂತಹ ಬಾಟಲಿ ಬಾಟಲಿಯೇ ಇಲ್ಲದ್ದಕ್ಕಿಂತ ಅಪಾಯ, ಏಕೆಂದರೆ ಅದನ್ನು ಹಚ್ಚಿಕೊಂಡವರು ಸೋಪು ಹುಡುಕುವುದಿಲ್ಲ. ನಾನು ಇಷ್ಟನ್ನು ಹೇಳಿ ಸುಮ್ಮನಾದೆ. ನಿರ್ಧಾರ ಮಾಲೀಕರದು. ಒಂದು ರಾತ್ರಿ ಯೋಚಿಸಿ, ವ್ಯಾಪಾರಿಗೆ ಆಗುವುದಿಲ್ಲ ಎಂದರು. ಈ ಪ್ರಕರಣದಲ್ಲಿ ನಾನು ಅತ್ಯಂತ ಗೌರವಿಸುವ ಗಳಿಗೆ ಅದು.

ಮರುದಿನದಿಂದಲೇ ಜೆಲ್ ಬಿಟ್ಟು ದ್ರವ ರೂಪಕ್ಕೆ ತಿರುಗಿದರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಪಾಲಿಮರೇ ಇಲ್ಲ. ಹತ್ತು ಲೀಟರಿಗೆ 96 ಭಾಗದ ಎಥನಾಲ್ 8333 ಮಿಲಿಲೀಟರ್, 3 ಭಾಗದ ಹೈಡ್ರೋಜನ್ ಪೆರಾಕ್ಸೈಡ್ 417, ಗ್ಲಿಸರಿನ್ 145, ಉಳಿದದ್ದು ಕುದಿಸಿ ಆರಿಸಿದ ಅಥವಾ ಡಿಸ್ಟಿಲ್ಡ್ ನೀರು. ಆಸ್ಪತ್ರೆಗಳು ತಕರಾರಿಲ್ಲದೆ ತೆಗೆದುಕೊಂಡವು. ಏಪ್ರಿಲ್ ಮುಗಿಯುವ ಮೊದಲು ಘಟಕ ಉಸಿರಾಡುವಂತಾಯಿತು.

ಸಂಗಾತಿಯನ್ನು ಬದಲಿಸಿದ್ದು

ಜೆಲ್ಲಿನ ಕೆಲಸ ನಿಲ್ಲಲಿಲ್ಲ. ಸೋಡಿಯಂ ಚಿಕ್ಕ ಅಯಾನು, ಕಾರ್ಬಾಕ್ಸಿಲೇಟಿಗೆ ಬಹಳ ಹತ್ತಿರ ಬರುತ್ತದೆ, ಬಿಗಿಯಾಗಿ ಹಿಡಿಯುತ್ತದೆ, ಅದರ ಜೋಡಿಯನ್ನು ಎಥನಾಲ್ ಕರಗಿಸಲಾರದು. ಅಮೀನಿನಿಂದ ಬರುವ ಧನ ಅಯಾನು ದಪ್ಪಗಿರುತ್ತದೆ, ಆವೇಶ ಅದರೊಳಗೆ ಅಡಗಿರುತ್ತದೆ, ಹೊರಗೆ ಕಾರ್ಬನ್ನಿನ ಗುಂಪುಗಳೂ ಹೈಡ್ರಾಕ್ಸಿಲ್ ಗುಂಪುಗಳೂ ಚಾಚಿರುತ್ತವೆ. ಎಥನಾಲಿಗೆ ಅದು ನೆಂಟನಂತೆ. ಜೋಡಿ ಕಟ್ಟಿದರೂ ಸಡಿಲವಾಗಿ ಕಟ್ಟುತ್ತದೆ, ಆ ಜೋಡಿಯೂ ಎಥನಾಲಿನಲ್ಲಿ ಒಗ್ಗಿಕೊಳ್ಳುತ್ತದೆ. ಕಾರ್ಬೊಮರ್ ತಯಾರಕರ ಕೈಪಿಡಿಗಳಲ್ಲಿ ಈ ಮಾತು ಒಂದು ಕೋಷ್ಟಕವಾಗಿ ಸಿಗುತ್ತದೆ: ಕಾಸ್ಟಿಕ್ ಸೋಡಾ ಎಥನಾಲ್ ಸುಮಾರು 20 ಭಾಗದವರೆಗೆ, ಟ್ರೈಇಥನಾಲಮೀನ್ 60ರವರೆಗೆ, ಅಮಿನೊಮೀಥೈಲ್ ಪ್ರೊಪನಾಲ್ 80ರವರೆಗೆ, ಡೈಐಸೊಪ್ರೊಪನಾಲಮೀನ್ 90ರವರೆಗೆ. ನಮ್ಮ ಭರಣಿಗಳು 20ರ ಬಳಿ ತೋರಿಸಿದ ಗಡಿ ಈ ಕೋಷ್ಟಕದ ಮೊದಲ ಸಾಲಿಗೆ ಸರಿಯಾಗಿ ಹೊಂದಿತು. ಮೊದಲೇ ಆ ಪುಟ ತೆರೆದಿದ್ದರೆ ಎರಡು ವಾರ ಉಳಿಯುತ್ತಿತ್ತು. ಪುಡಿ ಬಿಡಿಯಾಗಿ, ಕೈಪಿಡಿಯಿಲ್ಲದೆ ಬಂದಿತ್ತು, ಕೇಳುವುದು ನನಗೂ ಹೊಳೆಯಲಿಲ್ಲ.

ಹಾವೇರಿ ಕಡೆಯ ಸಾಬೂನು ತಯಾರಕರೊಬ್ಬರ ಬಳಿ ಎರಡು ಕಿಲೊ ಟ್ರೈಇಥನಾಲಮೀನ್ ಸಿಕ್ಕಿತು, ಪಾಸ್ ಇದ್ದ ಔಷಧದ ವಾಹನದಲ್ಲಿ ಬಂತು. ಭರಣಿಗಳ ಸಾಲು ಮತ್ತೆ ಕೂತಿತು. 60ರವರೆಗೆ ತಿಳಿ. 70ರಲ್ಲಿ ಜೆಲ್ ನಿಂತಿತು, ಆದರೆ ಬೆಳಕಿಗೆ ಹಿಡಿದರೆ ತೆಳ್ಳಗೆ ಮಂಜು. ಮಾಲೀಕರು ಇದನ್ನೇ ಮಾರೋಣ ಎಂದರು. ಮೂರು ದಿನ ಕಾಯಿರಿ ಎಂದೆ. ಮೂರನೆಯ ದಿನ, ಮೇ ತಿಂಗಳ ಬಿಸಿಲಿನಲ್ಲಿ, ಕೆಲವು ಬಾಟಲಿಗಳ ತಳದಲ್ಲಿ ನುಣ್ಣನೆಯ ಬಿಳಿ ಕೂತಿತ್ತು. ಗಡಿಯ ಅಂಚಿನಲ್ಲಿ ನಿಂತ ಜೆಲ್ ಒಂದು ದಿನ ಚೆನ್ನಾಗಿ ಕಾಣುತ್ತದೆ, ಕಪಾಟಿನಲ್ಲಿ ಉಳಿಯುವುದಿಲ್ಲ. ಆ ಹಳೆಯ ಸೂತ್ರವೂ ಅಂಚಿನ ಸೂತ್ರವೇ ಆಗಿತ್ತು ಎಂಬುದು ಹಾಗೆ ತಿಳಿಯಿತು.

ಮೇ ಮೂರನೆಯ ವಾರ ಮುಂಬೈಯಿಂದ ಅಮಿನೊಮೀಥೈಲ್ ಪ್ರೊಪನಾಲ್ ಬಂತು. ಅಣುತೂಕ 89, ನೂರು ಲೀಟರಿಗೆ 360 ಗ್ರಾಂ, ಅದೇ 4 ಮೋಲ್. ಹುಡುಗಿ ಲೆಕ್ಕವನ್ನು ನನಗಿಂತ ಮೊದಲೇ ಮಾಡಿಟ್ಟಿದ್ದಳು. 70ರ ಭರಣಿ ತಿಳಿಯಾಗಿ ನಿಂತಿತು, ಹದಿನೈದು ದಿನ ಇಟ್ಟರೂ ಕದಲಲಿಲ್ಲ. 80ರದೂ ನಿಂತಿತು. ಒಬ್ಬ ಕೆಲಸಗಾರ ಇನ್ನೂ ದಪ್ಪವಾಗಲಿ ಎಂದು ಒಂದು ಹಂಡೆಗೆ ಅಮೀನು ದುಪ್ಪಟ್ಟು ಹಾಕಿದಾಗ ಅದು ತೆಳುವಾಯಿತು. ಅಲ್ಲಿ ಮಾತ್ರ ನನ್ನ ಮೊದಲ ರಾತ್ರಿಯ ಲೆಕ್ಕ ಉಪಯೋಗಕ್ಕೆ ಬಂತು.

ಈಗ ಅವರ ಗೋಡೆಯ ಮೇಲಿರುವುದು

ಹಿಂದೆ ಘಟಕದ ಗೋಡೆಯಲ್ಲಿ ಸೂತ್ರಗಳ ಒಂದು ಪಟ್ಟಿ ಇತ್ತು, ಪದಾರ್ಥ ಮತ್ತು ಗ್ರಾಂ ಎರಡೇ ಕಾಲಂ. ಈಗಿನದರಲ್ಲಿ ಮೋಲ್ ಎಂಬ ಕಾಲಂ ಇದೆ, ಎಥನಾಲ್ ಎಷ್ಟು ಎಂಬುದಿದೆ, ನೀರು ಯಾವುದು ಎಂಬುದಿದೆ, ಸಂಗಾತಿ ಅಯಾನು ಯಾವುದು ಎಂಬುದೂ ಇದೆ. ನಾನೂ ತರಗತಿಯಲ್ಲಿ ದ್ರಾವಕ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಕೇಳುವುದನ್ನು ಬಿಟ್ಟಿದ್ದೇನೆ. ಸರಪಳಿಗೆ ಹೇಗೆ, ಆವೇಶಕ್ಕೆ ಹೇಗೆ, ಸಂಗಾತಿಗೆ ಹೇಗೆ ಎಂದು ಮೂರು ಸಲ ಕೇಳಿಸುತ್ತೇನೆ. ಮೂರಕ್ಕೂ ಉತ್ತರ ಬೇರೆ ಬೇರೆ ಬರಬಹುದು, ಹುಬ್ಬಳ್ಳಿಯಲ್ಲಿ ಬಂದಂತೆ. ಸರಪಳಿಗೆ ಎಥನಾಲ್ ಒಳ್ಳೆಯದಾಗಿತ್ತು, ಆವೇಶಕ್ಕೆ ಕೆಟ್ಟದ್ದಾಗಿತ್ತು, ಸಂಗಾತಿಗೆ ಅದು ಯಾರೆಂಬುದರ ಮೇಲೆ ನಿಂತಿತ್ತು.

ಡಿಸ್ಟಿಲ್ಡ್ ನೀರಿನ ಆ ಮುದ್ದೆಯ ಒಂದು ತುಂಡನ್ನು ಎಥನಾಲಿನಲ್ಲಿ ಮುಳುಗಿಸಿ ಪ್ರಯೋಗಾಲಯದ ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ. ಪ್ರತಿ ವರ್ಷ ಅದರಿಂದ ಕಡಲೆಕಾಳಿನಷ್ಟು ಚಿವುಟಿ ನೀರಿಗೆ ಹಾಕಲು ವಿದ್ಯಾರ್ಥಿಗಳಿಗೆ ಕೊಡುತ್ತೇನೆ. ಘಟಕದವರು ಎಥನಾಲ್ ಇಲ್ಲದ ಕೈ ತೊಳೆಯುವ ಜೆಲ್ಲಿಗೆ ಇಂದಿಗೂ ಕಾಸ್ಟಿಕ್ ಸೋಡಾವನ್ನೇ ಹಾಕುತ್ತಾರೆ, ಅಗ್ಗವಾದದ್ದು ಅದೇ. ಅಂದು ಕಲಬೆರಕೆ ಎಂದು ಸಂಶಯಪಟ್ಟಿದ್ದ ಚೀಲವನ್ನು ಅವರು ಕೊನೆಯ ಗ್ರಾಂವರೆಗೂ ಅದಕ್ಕೇ ಬಳಸಿದರು. ಜೆಲ್ ತಿಳಿಯಾಗಿಯೇ ಬಂತು.